ನಮ್ಮೂರ ಹೆಸರಿನ ಸೀಸೆ

ನಾನು ಕುಡಿಯುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಎರಡು ಸಲ ಪ್ರಯತ್ನಪಟ್ಟು, ಎರಡು ಸಲವೂ ಕೆಮ್ಮಿ, ಪಕ್ಕದವರ ಅಂಗಿ ಹಾಳುಮಾಡಿದ ಮೇಲೆ ಗೆಳೆಯರೇ ನಿನಗಿದು ಬೇಡವೆಂದರು. ಹಾಗಾಗಿ ಬಾರಿಗೆ ಹೋದರೆ ನನಗಿರುವುದು ಎರಡೇ ಕೆಲಸ: ಹುರಿದ ಕಡಲೆಬೀಜ ತಿನ್ನುವುದು, ಸೀಸೆಗಳ ಮೇಲಿನ ಚೀಟಿ ಓದುವುದು. ಓದಿ ಓದಿ ಎಷ್ಟು ಪಳಗಿದ್ದೇನೆಂದರೆ, ಯಾವ ವಿಸ್ಕಿ ಯಾವ ಸೀಮೆಯದು ಎಂದು ಕುಡಿಯುವವರಿಗೇ ಪಾಠ ಹೇಳುತ್ತೇನೆ. ಅವರು ಆಗ ಬೇರೆ ಮೇಜಿಗೆ ಹೋಗುತ್ತಾರೆ.

ಈಚೆಗೆ ಗೆಳೆಯ ಸೆಲ್ವರಾಜ ನಿವೃತ್ತನಾದ. ಹಲಸೂರಿನವನು, ಕಚೇರಿಯಲ್ಲಿ ವರ್ಷಗಟ್ಟಲೆ ನನ್ನ ಎದುರು ಮೇಜಿನಲ್ಲಿ ಕೂತವನು. ಆ ಖುಷಿಗೆ ಮಧ್ಯಾಹ್ನದ ಊಟಕ್ಕೆಂದು ಇಂದಿರಾನಗರದ ಒಂದು ಬಾರಿಗೆ ಕರೆದುಕೊಂಡು ಹೋದ. ನಾನು ವಾಡಿಕೆಯಂತೆ ಕಪಾಟನ್ನು ಓದತೊಡಗಿದೆ. ಮೂರನೆಯ ಸಾಲಿಗೆ ಬಂದಾಗ ಕಡಲೆಬೀಜ ಗಂಟಲಲ್ಲಿ ಸಿಕ್ಕಿಕೊಂಡಿತು. ಅಲ್ಲೊಂದು ಸೀಸೆಯ ಮೇಲೆ ಬಂಗಾರದ ಅಕ್ಷರದಲ್ಲಿ ನಮ್ಮೂರ ಹೆಸರಿತ್ತು. ಹೊಂಗೇಪಾಳ್ಯ!

ಹೊಂಗೇಪಾಳ್ಯ ಎಲ್ಲಿದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಕೆ.ಆರ್. ಪುರಂ ಕಡೆಗೆ ಹೋಗುವಾಗ ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಗುವ ಅಡ್ಡರಸ್ತೆ ಈಗ ಅದು. ನಾನು ಚಿಕ್ಕವನಿದ್ದಾಗ ಊರಾಗಿತ್ತು, ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಕಳ್ಳಭಟ್ಟಿ ಸಾರಾಯಿಗೆ. ಶಾಲೆಯಲ್ಲಿ ಮೇಷ್ಟ್ರು ಯಾವ ಊರೆಂದು ಕೇಳಿ, ನಾನು ಹೇಳಿದ ಕೂಡಲೇ "ಎಲ್ಲಿ, ಬಾಯಿ ತೆಗಿ ನೋಡೋಣ" ಎಂದಿದ್ದರು. ಇಡೀ ತರಗತಿ ನಕ್ಕಿತ್ತು. ಅಂದಿನಿಂದ ಯಾರು ಕೇಳಿದರೂ ಹಲಸೂರು ಕಡೆಯವನು ಎಂದುಬಿಡುವುದು ನನಗೆ ಅಭ್ಯಾಸವಾಯಿತು. ನಮ್ಮ ಮನೆಯವರು ರಾಗಿ, ದ್ರಾಕ್ಷಿ ಬೆಳೆದವರು, ಆ ಕೆಲಸಕ್ಕೂ ನಮಗೂ ಸಂಬಂಧವಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಸೀಸೆಯನ್ನು ತರಿಸಿ ಓದಿದೆ. ಹೊಂಗೇಪಾಳ್ಯದ ಅಜ್ಜಿಯರ ಕೈಯಿಂದ ಬಂದ ಸಾರಾಯಿಯ ಪರಂಪರೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಜೊತೆಗೊಂದು ಅಜ್ಜಿಯ ಚಿತ್ರ. ಸೀರೆ ಉಟ್ಟ ರೀತಿ ನೋಡಿದರೆ ನಮ್ಮ ಕಡೆಯವಳೇ ಅಲ್ಲ. ಹಿಂಬದಿಯಲ್ಲಿ, ಕನ್ನಡಕ ಏರಿಸಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ತಯಾರಾದ ಜಾಗ. ಅದು ಬೇರೆ ರಾಜ್ಯದ ಯಾವುದೋ ಕೈಗಾರಿಕಾ ಪ್ರದೇಶ.

"ಇದು ಹಗಲುದರೋಡೆ!" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಮೇಜಿನವರು ತಮ್ಮ ಬಿಲ್ಲನ್ನು ಮತ್ತೊಮ್ಮೆ ನೋಡಿಕೊಂಡರು.

"ಕೂತ್ಕೋ ಮಗಾ," ಎಂದ ಸೆಲ್ವರಾಜ. "ಅದಕ್ಕೆಲ್ಲ ಕಾನೂನೈತೆ. ಸ್ಕಾಚ್‌ಗೆ ಇಲ್ವಾ? ಜಿಐ ಟ್ಯಾಗ್ ಅಂತಾರೆ, ಊರಿನ ಹೆಸರು ಆ ಊರಿನ ಮಾಲಿಗೇ. ಅರ್ಜಿ ಹಾಕು." ಇಷ್ಟು ಹೇಳಿ ಅದೇ ಸೀಸೆಯಿಂದ ಒಂದು ಪೆಗ್ ಹಾಕಿಸಿಕೊಂಡು, "ಚೆನ್ನಾಗೇ ಐತೆ ಕಣೋ ನಿಮ್ಮೂರು" ಎಂದ.

ಮನೆಗೆ ಬಂದವನೇ ಓದಲು ಕೂತೆ. ಸ್ಕಾಟ್ಲೆಂಡಿನಲ್ಲಿ ಭಟ್ಟಿ ಇಳಿಸದೇ ಇರುವುದನ್ನು ಸ್ಕಾಚ್ ಎಂದು ಮಾರುವಂತಿಲ್ಲ. ಫ್ರಾನ್ಸಿನ ಕೊನ್ಯಾಕ್ ಸೀಮೆಯ ಗಡಿ ದಾಟಿದರೆ ಬ್ರಾಂಡಿ ಬರೀ ಬ್ರಾಂಡಿ. ಗೋವಾದ ಗೇರುಹಣ್ಣಿನ ಫೆನ್ನಿಗೂ ಈ ರಕ್ಷಣೆಯಿದೆ. ಅಷ್ಟೇಕೆ, ನಂಜನಗೂಡಿನ ರಸಬಾಳೆಗಿದೆ, ಬೆಂಗಳೂರಿನ ಗುಲಾಬಿ ಈರುಳ್ಳಿಗಿದೆ. ಈರುಳ್ಳಿಗಿರುವ ಮರ್ಯಾದೆ ನಮ್ಮೂರಿಗಿಲ್ಲವೇ ಎಂದು ಹೊಟ್ಟೆ ಉರಿಯಿತು. ಊರಿನ ಹೆಸರು ಹೇಳಲು ಜೀವಮಾನವಿಡೀ ಹೆದರಿದವನಿಗೆ ಒಮ್ಮೆಲೇ ಇಷ್ಟು ಅಭಿಮಾನ ಎಲ್ಲಿಂದ ಉಕ್ಕಿತೋ ತಿಳಿಯದು. ಹೀಗೆ ಉರಿದುಕೊಳ್ಳುವಾಗ ನಾನು ತಿನ್ನುತ್ತಿದ್ದದ್ದು ದೊಮ್ಮಲೂರಿನಲ್ಲಿ ಕಟ್ಟಿಸಿಕೊಂಡು ಬಂದ ದಾವಣಗೆರೆ ಬೆಣ್ಣೆದೋಸೆ ಎಂಬುದು ತಿಂದು ಮುಗಿದ ಮೇಲೆ ಹೊಳೆಯಿತು. ದೋಸೆಯ ವಿಷಯ ಬೇರೆ ಎಂದು ಸಮಾಧಾನ ಮಾಡಿಕೊಂಡೆ. ಹೇಗೆ ಬೇರೆ ಎಂದು ಈಗಲೂ ಹೇಳಲಾರೆ.

ಅರ್ಜಿಗೆ ಪುರಾವೆ ಬೇಕು: ಈ ಪದಾರ್ಥವನ್ನು ಈ ಊರಿನಲ್ಲೇ, ಹಿಂದಿನಿಂದ, ಇಂಥ ರೀತಿಯಲ್ಲೇ ಮಾಡುತ್ತಿದ್ದರು ಎಂದು. ಹಳಬರೆಂದು ಉಳಿದಿರುವುದು ಅಪ್ಪನ ಅಕ್ಕ, ನನ್ನ ದೊಡ್ಡತ್ತೆ ಒಬ್ಬರೇ. ಎಂಬತ್ತು ದಾಟಿದೆ, ಹಲಸೂರು ಕೆರೆಯ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಸೋಮೇಶ್ವರನ ದರ್ಶನವಾಗದೆ ಕಾಫಿ ಮುಟ್ಟುವುದಿಲ್ಲ. ವೈನ್ ಶಾಪಿನ ಮುಂದೆ ಹೋಗುವಾಗ ಮೂಗಿಗೆ ಸೆರಗು ಹಿಡಿಯುತ್ತಾರೆ. ಅಂಥವರ ಮುಂದೆ ಈ ಮಾತೆತ್ತುವುದು ಹೇಗೆಂದು ಹೆದರುತ್ತಲೇ, ಸೆಲ್ವರಾಜ ಖಾಲಿ ಮಾಡಿಕೊಟ್ಟ ಸೀಸೆಯನ್ನು ತರಕಾರಿ ಚೀಲದಲ್ಲಿ ಅಡಗಿಸಿಕೊಂಡು ಹೋದೆ. ಹೀಗೆ ಹೀಗೆ, ನಮ್ಮೂರ ಹೆಸರನ್ನು ಕದ್ದಿದ್ದಾರೆ, ಅರ್ಜಿಗೆ ಪುರಾವೆ ಬೇಕು ಎಂದು ವಿವರಿಸಿ ಸೀಸೆ ಮುಂದಿಟ್ಟೆ.

ದೊಡ್ಡತ್ತೆ ಸೆರಗು ಹಿಡಿಯಲಿಲ್ಲ. ಮುಚ್ಚಳ ತೆಗೆದರು, ಸೀಸೆಯನ್ನು ಮೂಗಿನ ಹತ್ತಿರ ತಂದರು, ಕಣ್ಣು ಮುಚ್ಚಿ ನಿಧಾನವಾಗಿ ಎಳೆದುಕೊಂಡರು.

"ಥೂ. ಜಾಲಿ ಚಕ್ಕೆನೇ ಹಾಕಿಲ್ವಲ್ಲೋ ಇವ್ರು."

ನಾನು ಕೂತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ನಿಮ್ಗೆ ಹೆಂಗೆ ಗೊತ್ತತ್ತೆ?"

"ನಮ್ಮವ್ವ ಕಾಸ್ತಿದ್ದಿದ್ದು, ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರ್ತದೆ? ಬೆಲ್ಲ, ಜಾಲಿ ಚಕ್ಕೆ ಎಲ್ರೂ ಹಾಕೋರು. ತೋಟದಲ್ಲಿ ಉದುರಿದ ದ್ರಾಕ್ಷಿ ಹಾಕಿದ್ದು ಅವಳೊಬ್ಳೇ. ಹೊಂಗೇಪಾಳ್ಯದ್ದು ಅಂತ ಜನ ಹುಡುಕ್ಕೊಂಡು ಬರ್ತಿದ್ರಲ್ಲ, ಅದು ಅವಳ್ದು."

ಆಮೇಲೆ ಅವರು ಹೇಳಿದ್ದನ್ನು ನಾನು ಬಾಯಿ ತೆರೆದುಕೊಂಡೇ ಕೇಳಿದೆ. ತಾತ ತೀರಿಕೊಂಡಾಗ ಮನೆಯಲ್ಲಿ ಮೂರು ಸಣ್ಣ ಮಕ್ಕಳು. ಅಜ್ಜಿ ತೋಟದ ಹಿಂದೆ ಒಲೆ ಹೂಡಿದಳು. ಮಕ್ಕಳು ಉಂಡದ್ದು, ಅಪ್ಪ ಓದಿದ್ದು ಆ ಒಲೆಯಿಂದ. ಒಂದು ಮಧ್ಯಾಹ್ನ ಪೊಲೀಸರು ಬಂದು, ಅವಳ ಮಡಕೆಯನ್ನು ಅವಳ ತಲೆಯ ಮೇಲೇ ಹೊರಿಸಿ, ಊರ ನಡುವೆ ನಡೆಸಿಕೊಂಡು ಹೋದರು. ಆಮೇಲೆ ದೊಡ್ಡತ್ತೆಗೆ ಗಂಡು ನೋಡುವ ಕಾಲ ಬಂತು. ಅಜ್ಜಿಯನ್ನು ಬಂದವರ ಮುಂದೆ ಕೂರಿಸಲಿಲ್ಲ. ಅವಳು ಸತ್ತ ಮೇಲೆ ಅವಳ ಮಾತನ್ನೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಪಿತೃಪಕ್ಷಕ್ಕೆ ಎಡೆ ಇಡುವಾಗ ತಾತನ ಫೋಟೋ ಒಂದೇ ಇರುತ್ತಿತ್ತು. ಅಜ್ಜಿಯದು ತೆಗೆಸಿಯೇ ಇರಲಿಲ್ಲ ಎಂದು ನನಗೆ ಹೇಳಿದ್ದರು. ಒಂದಿತ್ತಂತೆ. ಅಪ್ಪನೇ ಹರಿದುಹಾಕಿದರಂತೆ.

ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಮರುಕ್ಷಣವೇ ನನ್ನ ಮೇಲೆ ಬಂತು. ಊರು ಕೇಳಿದರೆ ಹಲಸೂರು ಎಂದವನು ನಾನೂ ತಾನೇ.

ಈಗ ಆ ಕಾರ್ಖಾನೆಯವರಿಗೆ ಪರವಾನಗಿಯಿದೆ, ಹಾಗಾಗಿ ಅವರ ಅಕ್ಷರ ಬಂಗಾರದ್ದು. ಅಜ್ಜಿ ಇವತ್ತು ಎದ್ದುಬಂದು ಅದೇ ತೋಟದ ಹಿಂದೆ ಬೆಂಕಿ ಹಚ್ಚಿದರೆ ಮತ್ತೆ ಅವಳನ್ನೇ ಹಿಡಿದುಕೊಂಡು ಹೋಗುತ್ತಾರೆ. ನಾನು ಹೋರಾಡಿ ಗೆದ್ದೆನೆಂದೇ ಇಟ್ಟುಕೊಳ್ಳಿ. ಕಾನೂನು ಹೆಸರನ್ನು ಊರಿಗೆ ಕೊಡುತ್ತದೆ. ಪರವಾನಗಿಯಿದ್ದ ಇನ್ಯಾರೋ ನಮ್ಮ ಅಡ್ಡರಸ್ತೆಯಲ್ಲೇ ಶೆಡ್ಡು ಹಾಕಿ, ನ್ಯಾಯವಾಗಿ ಅದೇ ಚೀಟಿ ಅಂಟಿಸುತ್ತಾರೆ. ಅಜ್ಜಿಗೆ ಬರುವುದು ಏನೂ ಇಲ್ಲ.

"ಪುರಾವೆ ಬೇಕಂದ್ಯಲ್ಲ, ಸ್ಟೇಷನ್ನಲ್ಲಿ ಕೇಳು," ಎಂದರು ದೊಡ್ಡತ್ತೆ. "ಅವಳ ಹೆಬ್ಬೆಟ್ಟು ಇರ್ತದೆ. ಅದ್ಸರಿ, ಅರ್ಜೀಲಿ ಯಾರ ಹೆಸರು ಬರೀತೀಯ?"

"ಊರಿಂದು ಅತ್ತೆ. ಹೊಂಗೇಪಾಳ್ಯ ಅಂತ."

"ಊರು ಬಂದು ಒಲೆ ಊದ್ತಾ? ಊದಿದ್ದು ಅವಳು. ಅವಳ ಹೆಸರೇನು, ಹೇಳು ನೋಡೋಣ."

ನಾನು ಬಾಯಿ ತೆಗೆದೆ. ಏನೂ ಬರಲಿಲ್ಲ. ನನ್ನ ಅಪ್ಪನನ್ನು ಹೆತ್ತವಳ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ತಲೆ ನರೆತ ಮೇಲೆ ಇಂಥ ನಾಚಿಕೆಯಾಗಬಾರದು.

ದೊಡ್ಡತ್ತೆ ಬೈಯಲಿಲ್ಲ. ಆ ಹೆಸರನ್ನು ಎರಡು ಸಲ ಹೇಳಿದರು, ಎರಡನೆಯ ಸಲ ಇನ್ನೂ ಮೆಲ್ಲಗೆ. "ಎಷ್ಟು ವರ್ಷ ಆಯ್ತೋ ಇದು ನನ್ನ ಬಾಯಲ್ಲಿ ಬಂದು" ಎಂದು ಕಣ್ಣೊರೆಸಿಕೊಂಡರು.

ಮದ್ಯಕ್ಕಿಟ್ಟ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬೇಕೇ ಎಂದು ನೀವು ಕೇಳಿದರೆ, ಬೇಕು ಎಂದೇ ಹೇಳುತ್ತೇನೆ. ಅರ್ಜಿಯನ್ನೂ ಬರೆಯುತ್ತಿದ್ದೇನೆ. ಅಜ್ಜಿಯ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಾಚಿಕೆಯಿಂದಲ್ಲ. ಇದನ್ನು ಯಾರ್ಯಾರು ಓದುತ್ತಾರೋ ಏನೋ; ನಾಳೆ ಅದನ್ನೂ ಒಂದು ಸೀಸೆಗೆ ಅಂಟಿಸಿಬಿಟ್ಟರೆ ದೊಡ್ಡತ್ತೆಗೆ ನಾನು ಏನು ಹೇಳಲಿ?