ನೇರಳೆ ರಸದ ಗಡಿಗೆ

ಮೊಮ್ಮಗಳು ಇವತ್ತು ವೈನ್ ಮಾಡುತ್ತೇನೆಂದು ದ್ರಾಕ್ಷಿ ಕಿವುಚುತ್ತಿದ್ದಳು. ಆ ವಾಸನೆಗೆ ನಾನು ತಾಯಲೂರಿನ ನಮ್ಮ ಹಳೇ ಹಿತ್ತಿಲಿಗೆ ಹೋಗಿಬಿಟ್ಟೆ.

ಅಪ್ಪ ಯಾವುದೋ ದೊರೆಯ ಬಂಗಲೆಯಲ್ಲಿ ಹಣ್ಣಿನ ಹೆಂಡ ಮಾಡುವುದನ್ನು ನೋಡಿ ಬಂದಿದ್ದ. ಆದರೆ ಕೆರೆ ಏರಿಯ ನೇರಳೆ ಹಣ್ಣು ಆಯ್ದು ತಂದು, ದಿನವಿಡೀ ಕೂತು ಕಿವುಚಿದವಳು ಅಮ್ಮ. ನೆಲದೊಳಗೆ ರಾಗಿ ತುಂಬಿಡುವ ಹಗೇವನ್ನು ಮುಚ್ಚುವಂತೆಯೇ ಅಪ್ಪ ಗಡಿಗೆಯ ಬಾಯಿಗೆ ಕಲ್ಲಿಟ್ಟು, ಸುತ್ತಲೂ ಜೇಡಿಮಣ್ಣು ಮೆತ್ತಿದ.

"ಹಂಗೆ ಮೆತ್ಬೇಡಿ. ದೋಸೆ ಹಿಟ್ಟಿನಂಗೆ ಉಕ್ಕತ್ತೆ ಅದು. ಬಟ್ಟೆ ಕಟ್ಟಿದ್ರೆ ಸಾಕು," ಎಂದಳು ಅಮ್ಮ.

"ವರ್ಷಗಟ್ಲೆ ರಾಗಿ ಕೆಡದಂಗೆ ಇಟ್ಟೋನು ನಾನು. ಸುಮ್ಕಿರೇ," ಎಂದ ಅಪ್ಪ.

ಮೂರನೇ ದಿನ ಗಡಿಗೆ ಒಡೆದು ಗೋಡೆಯೆಲ್ಲ ನೇರಳೆ ರಸ. ಅಪ್ಪ ಕುಂಬಾರನನ್ನು ಬೈದ. ಅಮ್ಮ ಸೊಂಟ ಹಿಡಿದುಕೊಂಡು ಎದ್ದು ಸುಣ್ಣ ಕಲಸಿಕೊಂಡು ಬಂದಳು. ಅವಳ ಕೈಯ ನೀಲಿ ಇನ್ನೂ ಹೋಗಿರಲಿಲ್ಲ. ಎಷ್ಟು ಬಳಿದರೂ ಗೋಡೆಯ ಕಲೆಯೂ ಹೋಗಲಿಲ್ಲ.

"ಅಜ್ಜಿ, ಮುಚ್ಚಳ ಬಿಗಿಯಾಗಿ ಹಾಕ್ಲಾ?" ಎಂದಳು ಮೊಮ್ಮಗಳು.

"ಬೇಡ ಕಣೇ. ಬಟ್ಟೆ ಕಟ್ಟಿದ್ರೆ ಸಾಕು."

ಅವಳು ಕಟ್ಟಿದಳು. ಅಮ್ಮನ ಆ ಮಾತನ್ನು ನಮ್ಮ ಮನೆಯಲ್ಲಿ ಯಾರಾದರೂ ಕೇಳಿದ್ದು ಇದೇ ಮೊದಲು.