ಆರ್ಡಿಸಳ ಚಳಿಗಾಲದ ಸಾಲ್ಸಾ

ಬೇಡ ಅನ್ನುವುದು ಆರ್ಡಿಸ್ ಟೋಲೆಫ್ಸನ್‌ಗೆ ರಕ್ತದಲ್ಲೇ ಬಂದಿತ್ತು. ಅಮೆರಿಕದ ಉತ್ತರ ತುದಿಯ ನಮ್ಮ ರೆಡ್ ರಿವರ್ ಬಯಲಿನಲ್ಲಿ ಮರ್ಯಾದಸ್ಥರು ಯಾರೂ ಕಾಫಿಯನ್ನು ಮೊದಲ ಸಲಕ್ಕೇ ಒಪ್ಪಿಕೊಳ್ಳುವುದಿಲ್ಲ. ಮೊದಲು ಕೇಳಿದಾಗ ಬೇಡ, ಎರಡನೇ ಸಲಕ್ಕೂ ಬೇಡ, ಮೂರನೇ ಸಲಕ್ಕೆ "ನಿಮಗೆ ತೊಂದರೆ ಇಲ್ಲಾಂದ್ರೆ ಒಂದರ್ಧ ಕಪ್ಪು." ಕೇಳುವವರಿಗೂ ಇದು ಗೊತ್ತು, ಬೇಡ ಅನ್ನುವವರಿಗೂ ಗೊತ್ತು. ಅಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ, ಅದು ಬೇರೆ ಮಾತು. ತೀರಿಹೋದ ಗಂಡ ಲೇಲೆಂಡ್ ಅವಳನ್ನು ಮದುವೆಗೆ ಕೇಳಿದ್ದೂ ಹೀಗೆಯೇ. ಟ್ರಕ್ಕಿನ ಎಂಜಿನ್ ಬಿಸಿಯಾಗುವಷ್ಟರಲ್ಲಿ ಮೂರು ಸಲ ಕೇಳಿ ಮುಗಿಸಿದ್ದ. ಆಮೇಲೆ ಅವಳು ಸಂಸಾರ ಮಾಡಿದಳು, ಶಾಲೆಯ ಅಡುಗೆಮನೆಯಲ್ಲಿ ನಿಂತು ಊರಿನ ಎರಡು ತಲೆಮಾರಿಗೆ ಖಾರವೆಂದರೇನೆಂದು ತಿಳಿಯದ ಹಾಗೆ ಊಟ ಬಡಿಸಿದಳು. ಯಾರೂ ದೂರಲಿಲ್ಲ. ದೂರುವುದು ನಮ್ಮವರ ಜಾಯಮಾನವಲ್ಲ.

ಎಡವಟ್ಟಾದದ್ದು ರೊಹೇಲಿಯೊ ಕಾಂಟುವಿನ ವಿಷಯದಲ್ಲಿ. ಹರೆಯದಲ್ಲಿ ಟೆಕ್ಸಾಸಿನ ಗಡಿಯಿಂದ, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಹೊಲಗಳ ಕಳೆ ಕೀಳಲು ಬಂದವನು, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲೇ ಉಳಿದುಬಿಟ್ಟಿದ್ದ. ಒಳ್ಳೆಯವನೇ, ಆದರೆ ಮಹಾ ಜಿಪುಣ ಎಂದು ಊರಿಗೆಲ್ಲ ಹೆಸರು. ಮನೆಗೆ ಬಂದವರನ್ನು ಕಾಫಿ ಬೇಕಾ ಎಂದು ಒಂದೇ ಸಲ ಕೇಳಿ ಸುಮ್ಮನಾಗುತ್ತಾನಂತೆ.

ಬೀಟ್ ಕಟಾವು ಮುಗಿದ ವಾರ ಅವನು ಆರ್ಡಿಸಳ ಮನೆಯ ಹೀಟರ್ ಸರಿಮಾಡಲು ಬಂದಿದ್ದ. ಕೈ ಒರೆಸಿಕೊಳ್ಳುತ್ತ, "ಆರ್ಡಿಸ್, ನೀವೂ ಒಂಟಿ, ನಾನೂ ಒಂಟಿ. ಮದುವೆ ಆಗೋಣ್ವಾ?" ಅಂದ.

"ಅಯ್ಯೋ ಬೇಡ ಬಿಡಿ, ನಿಮಗ್ಯಾಕೆ ಸುಮ್ನೆ ತೊಂದರೆ," ಅಂದಳು ಆರ್ಡಿಸ್.

ಅವನು ತಲೆಯಾಡಿಸಿ, ಟೊಪ್ಪಿ ಹಾಕಿಕೊಂಡು ಹೊರಟುಹೋದ. ಎರಡನೇ ಸಲ ಕೇಳುವುದಕ್ಕೆ ನಾಳೆ ಬಂದಾನು ಎಂದು ಅವಳು ಅವನ ಬಟ್ಟೆಗೆಂದು ಕಪಾಟಿನಲ್ಲಿ ಒಂದು ಹಲಗೆ ಖಾಲಿ ಮಾಡಿಟ್ಟಳು. ಹಿಮ ಬಿತ್ತು, ಕ್ರಿಸ್‌ಮಸ್ ಕಳೆಯಿತು, ಹಲಗೆ ಖಾಲಿಯೇ ಇತ್ತು. ಜನವರಿಯಲ್ಲಿ ಸುದ್ದಿ ಬಂತು: ರೊಹೇಲಿಯೊ ಕೆಲಸ ಬಿಟ್ಟು ಟೆಕ್ಸಾಸಿನ ಅಕ್ಕನ ಮನೆಗೆ ಹೋಗುತ್ತಿದ್ದಾನೆ, ಭಾನುವಾರ ಚರ್ಚಿನಲ್ಲಿ ಬೀಳ್ಕೊಡುಗೆಯ ಊಟ, ಎಲ್ಲರೂ ಒಂದೊಂದು ಅಡುಗೆ ತರಬೇಕು.

ನಮ್ಮಲ್ಲಿ ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳುವವರಿಲ್ಲ, ಪಾತ್ರೆಯಲ್ಲಿ ಹಾಕಿ ಮುಚ್ಚಳ ಮುಚ್ಚಿ ಕೊಡುತ್ತಾರೆ. ಅವನ ಅಮ್ಮ ಮಾವು, ಅನಾನಸು, ಸೌತೆ ಹೆಚ್ಚಿ, ಖಾರದ ಕೋಸಂಬರಿಯಂಥ ಸಾಲ್ಸಾ ಮಾಡುತ್ತಿದ್ದಳೆಂದು ಅವನೇ ಒಮ್ಮೆ ಹೇಳಿದ್ದ. ಅದನ್ನೇ ಮಾಡುವುದೆಂದು ಆರ್ಡಿಸ್ ನಿಶ್ಚಯಿಸಿದಳು.

ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಡ್ಡೆಯಾಗುವ ಚಳಿ. ಅಂಗಡಿಯ ಬಾಗಿಲಿನಿಂದ ಕಾರಿಗೆ ಹೋಗುವಷ್ಟರಲ್ಲಿ ಹಣ್ಣು ಹೆಪ್ಪುಗಟ್ಟೀತೆಂದು ಅವಳು ಮಾವನ್ನೂ ಅನಾನಸನ್ನೂ ಕೋಟಿನೊಳಗೆ ತುಂಬಿಕೊಂಡು, ತುಂಬು ಬಸುರಿಯಂತೆ ನಡೆದಳು. ಮಾವು ಕಲ್ಲಿನ ಹಾಗಿತ್ತು. ಕಾಗದದ ಚೀಲದಲ್ಲಿ ಸುತ್ತಿ, ರೊಹೇಲಿಯೊ ಸರಿಮಾಡಿದ ಅದೇ ಹೀಟರಿನ ಮಗ್ಗುಲಲ್ಲಿ ಇಟ್ಟು ದಿನಾ ಹಿಸುಕಿ ನೋಡಿದಳು. ಭಾನುವಾರ ಬೆಳಿಗ್ಗೆಗೂ ಅದು ಅರೆಮನಸ್ಸಿನಿಂದಲೇ ಹಣ್ಣಾಗಿತ್ತು.

ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಈರುಳ್ಳಿ ಕೊತ್ತಂಬರಿ ಬೆರೆಸಿ, ನಿಂಬೆ ಹಿಂಡಿದಳು. ಉಳಿದದ್ದು ಹಸಿಮೆಣಸಿನಕಾಯಿ. ಬೀಜ ತೆಗೆದಳು. ತೊಳೆದಳು. ಇನ್ನೊಮ್ಮೆ ತೊಳೆದಳು. ಕರಿಮೆಣಸಿನ ಪುಡಿಯೇ ನಮ್ಮಲ್ಲಿ ದೊಡ್ಡ ಸಾಹಸ. ಆಮೇಲೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಯಾರಿಗೆಂದು ಮಾಡುತ್ತಿರುವುದು? ಇನ್ನೆರಡು ಕಾಯಿಗಳನ್ನು ಬೀಜ ಸಮೇತ ಹೆಚ್ಚಿ ಸುರಿದಳು.

ಕರೆದೊಯ್ಯಲು ಬಂದ ನಾದಿನಿ ವರ್ಡೆಲ್ ಒಂದು ಚಮಚ ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡಳು. "ಒಂಥರಾ ಬೇರೆ ಇದೆ ಅತ್ತಿಗೆ," ಅಂದಳು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಉಳಿದವರೆಲ್ಲ ಆ ಬಟ್ಟಲನ್ನು ನಗುಮುಖದಿಂದ ದಾಟಿ ಹೋದರು. ರೊಹೇಲಿಯೊ ಮಾತ್ರ ತಟ್ಟೆ ತುಂಬ ಬಡಿಸಿಕೊಂಡು, ಮೂಲೆಯಲ್ಲಿ ಕೂತು ತಿಂದ.

"ಮಾವು ಇನ್ನೂ ಕಾಯಿ," ಅಂದ, ಬಟ್ಟಲು ಹಿಡಿದು ಬಳಿಗೆ ಬಂದ ಆರ್ಡಿಸಳಿಗೆ. "ಆದ್ರೆ ಈ ಊರಲ್ಲಿ ನಾನು ಖಾರ ತಿಂದದ್ದು ಇವತ್ತೇ. ಚೆನ್ನಾಗಿದೆ ಆರ್ಡಿಸ್."

"ಇನ್ನೂ ಸ್ವಲ್ಪ ಹಾಕ್ಲಾ?"

"ಸಾಕು."

"ಒಂದೇ ಚಮಚ."

"ಬೇಡ ರೀ, ಹೊಟ್ಟೆ ತುಂಬಿದೆ."

ಇನ್ನೇನು ಒಪ್ಪಿಬಿಡುತ್ತಾನೆ ಎಂಬ ಧೈರ್ಯದಲ್ಲಿ ಅವಳು ಮೂರನೇ ಸಲ ಚಮಚ ಚಾಚಿದಳು. ಅವನು ತಟ್ಟೆಗೆ ಅಂಗೈ ಅಡ್ಡ ಹಿಡಿದ.

"ಬೇಡ ಅಂದ್ನಲ್ಲ! ಬೇಕಿದ್ರೆ ಬೇಕು ಅಂತಿರಲಿಲ್ವಾ?"

ಆರ್ಡಿಸ್ ಚಮಚ ಹಿಡಿದು ನಿಂತೇಬಿಟ್ಟಳು. ಈ ಮನುಷ್ಯನ ಬೇಡಕ್ಕೆ ಬೇಡ ಅಂತಲೇ ಅರ್ಥ. ಹಾಗಾದರೆ ತಾನು ಅಂದ ಬೇಡವನ್ನು ಇವನು ಏನೆಂದು ತಿಳಿದುಕೊಂಡು ಹೋದ?

"ಅವತ್ತು ನೀವು ಕೇಳಿದಾಗ ನಾನು ಬೇಡ ಅಂದೆ," ಅಂದಳು.

"ಅಂದ್ರಿ. ಅದಕ್ಕೇ ಮತ್ತೆ ನಿಮ್ಮ ತಲೆ ತಿನ್ನಲಿಲ್ಲ."

"ಒಂದೇ ಸಲ ರೀ ನಾನು ಬೇಡ ಅಂದದ್ದು!"

ಅವನು ಪಿಳಿಪಿಳಿ ನೋಡಿದ. ಕಿವಿಯವರೆಗೂ ಕೆಂಪಾಗಿ, ಪಿಸುದನಿಯಲ್ಲಿ ಅವಳು ನಮ್ಮವರ ಲೆಕ್ಕ ಬಿಡಿಸಿ ಹೇಳಬೇಕಾಯಿತು. ಅಷ್ಟು ವರ್ಷ ಯಾರೂ ಅವನಿಗೆ ಅದನ್ನು ಹೇಳಿರಲಿಲ್ಲ. ಹೇಳುವುದು ಮರ್ಯಾದೆಯಲ್ಲವಲ್ಲ.

"ಅಂದ್ರೆ ನಮ್ಮನೇಲಿ ಕಾಫಿ ಬೇಡ ಅಂದೋರು..."

"ಎಲ್ರಿಗೂ ಬೇಕಿತ್ತು."

"ಅಯ್ಯೋ ದೇವರೇ! ಅದಕ್ಕಾ ನನ್ನ ಜಿಪುಣ ಅನ್ನೋದು?" ರೊಹೇಲಿಯೊ ತಟ್ಟೆ ಕೆಳಗಿಟ್ಟ. "ಸರಿ. ಎರಡನೇ ಸಲ ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

"ಅಯ್ಯೋ ಬೇಡ ಬಿಡಿ, ನಿಮಗ್ಯಾಕೆ ಸುಮ್ನೆ..."

ನಾಲಿಗೆ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತ್ತು. ಅದನ್ನು ಕಿತ್ತೆಸೆಯಬೇಕೆನ್ನಿಸಿತು ಅವಳಿಗೆ. ಅವನು ಎದ್ದು ನಿಂತಾಗ, ಟೊಪ್ಪಿ ತೆಗೆದುಕೊಂಡು ಹೊರಟೇಬಿಡುತ್ತಾನೆ ಎಂದು ಅವಳ ಜೀವ ಬಾಯಿಗೆ ಬಂತು.

ಅವನು ಹೊರಡಲಿಲ್ಲ. ಸಿಂಕಿನ ಬಳಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡ.

"ಆರ್ಡಿಸ್ ಟೋಲೆಫ್ಸನ್, ಇದು ಮೂರನೇ..."

"ಬೇಕು," ಅಂದಳು ಆರ್ಡಿಸ್, ಅವನನ್ನು ಕೇಳಿ ಮುಗಿಸಲೂ ಬಿಡದೆ.