ಕಿಟಕಿಯ ಆಚೆ ನಿಂತ ಲೆಕ್ಕದ ಮೇಷ್ಟ್ರು

ರಾಯದುರ್ಗದ ಕಡೆಯಿಂದ ನಮ್ಮೂರ ಶಾಲೆಗೆ ಬಂದ ಲೆಕ್ಕದ ಮೇಷ್ಟ್ರು ಎಂಟನೇ ಕ್ಲಾಸಿನ ನಮ್ಮನ್ನೂ ‘ಬರ್ರಿ, ಹೇಳ್ರಿ’ ಎಂದು ಕರೆಯುತ್ತಿದ್ದರು. ಮಡಕಶಿರದ ಕಡೆಯ ನಮಗೆ ನಗು ತಡೆಯುತ್ತಿರಲಿಲ್ಲ. ‘ಹೆಂಡ್ತಿ ಗಂಡನ್ನ ಕರೆದಂಗೆ ಕರೀತಾರಲ್ಲೋ’ ಎಂದು ಪಕ್ಕದವನು ಪಿಸುಗುಟ್ಟಿದ್ದ. ಆದರೆ ಅಲ್ಲಿಯತನಕ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅವರ ಪಾಠವನ್ನು ಮಾತ್ರ ನಾನಾಗಿ ತಪ್ಪಿಸುತ್ತಿರಲಿಲ್ಲ.

ರೇಷ್ಮೆಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಕಳಚಿ, ಎದ್ದರೆ ನನಗೆ ಶಾಲೆ ಬಂದ್. ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತವೆ, ಮನೆಯವರೆಲ್ಲ ಕೈ ಹಾಕಬೇಕು. ಅಂಥ ದಿನ ಮೇಷ್ಟ್ರು ಹುಡುಕಿಕೊಂಡು ಬಂದರು. ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಹುಳಕ್ಕೆ ರೋಗ ತಗಲುತ್ತದೆ. ಅವ್ವ ಬಾಗಿಲಲ್ಲೇ ಅಡ್ಡ ನಿಂತಳು.

‘ಒಳಕ್ ಬರ್‌ಬ್ಯಾಡಿ ಸಾರ್. ನಿಮ್ ಲೆಕ್ಕದಿಂದ ಹುಳದ ಹೊಟ್ಟೆ ತುಂಬಲ್ಲ.’

‘ನಾ ಹೊರಗೇ ನಿಲ್ತೀನ್ರಿ ಅಮ್ಮಾ. ಅವರ ಕೈ ಸೊಪ್ಪು ಹಾಕ್ಲಿ, ಬಾಯಿ ಲೆಕ್ಕ ಮಾಡ್ಲಿ.’

ಸೊಳ್ಳೆಪರದೆ ಹೊಡೆದ ಕಿಟಕಿಯ ಆಚೆ ಅವರು, ಈಚೆ ನಾನು. ಅಂದಿನಿಂದ ಪ್ರತಿ ಹುಳದ ಬೆಳೆಗೂ ಅದೇ ನಮ್ಮ ಕ್ಲಾಸು.

ಅಪ್ಪನ ಸೊಂಟ ಬಿದ್ದು ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಆಮೇಲೂ ಅವರು ಕಿಟಕಿಗೆ ಬಂದರು. ಶಾಲೆಗೆ ಬರ್ರಿ ಎಂದು ಒಮ್ಮೆಯೂ ಹೇಳಲಿಲ್ಲ, ಲೆಕ್ಕ ಮಾತ್ರ ಕೇಳಿದರು. ಒಂದು ಸಂಜೆ ಕೇಳಿದ್ದು ಇದು: ‘ಹುಳದ ಹಾಸಿಗೆ ಉದ್ದ ಅಗಲದ ಎರಡರಷ್ಟು ಐತ್ರಿ. ಎರಡನ್ನೂ ಒಂದೊಂದು ಅಡಿ ಹೆಚ್ಚು ಮಾಡಿದ್ರ ಜಾಗ ಹದಿಮೂರು ಚದರಡಿ ಹೆಚ್ಚಾಗ್ತದ. ಮೊದಲಿನ ಅಗಲ ಎಷ್ಟು?’

ತಕ್ಷಣ ಹೊಳೆಯಲಿಲ್ಲ. ‘ನಾಳೆ ಹೇಳ್ತೀನಿ ಸಾರ್’ ಅಂದೆ.

ಸೊಪ್ಪು ಕೊಯ್ಯುತ್ತಾ ಬೆಳಿಗ್ಗೆ ಉತ್ತರ ಸಿಕ್ಕಿತು. ಸಂಜೆ ಮೇಷ್ಟ್ರು ಬರಲಿಲ್ಲ. ಅವರಿಗೆ ವರ್ಗವಾಗಿತ್ತು.

ದೊಡ್ಡವನಾದ ಮೇಲೆ, ಯಾರ ಕೈಕೆಳಗೂ ದುಡಿಯದೆ ಸ್ವಂತ ಹುಳದ ಮನೆ ಕಟ್ಟಿದೆ. ಹಾಸಿಗೆಯ ಅಳತೆ ಆ ಲೆಕ್ಕದ್ದೇ. ಆ ಉತ್ತರ ಅವರಿಗೊಮ್ಮೆ ಹೇಳಬೇಕೆಂಬ ಆಸೆ ಮಾತ್ರ ಉಳಿದೇ ಇತ್ತು. ಈ ವರ್ಷ, ಗೂಡು ಬಿಡಿಸಿದ ಮೇಲೆ ಬಿಡುವು ಮಾಡಿಕೊಂಡು, ವಿಳಾಸ ವಿಚಾರಿಸುತ್ತ ರಾಯದುರ್ಗಕ್ಕೆ ಹೋದೆ.

ಬಾಗಿಲಿಗೆ ಹೊರಗಿನಿಂದ ಬೀಗ. ಪಕ್ಕದ ಮನೆಯಾಕೆ ಹೇಳಿದಳು: ‘ಸೊಸಿ ಪ್ಯಾಂಟ್ ಹೊಲಿಯೋ ಕಾರ್ಖಾನಿಗೆ ಹೋಗ್ಯಾಳ್ರಿ. ಮೇಷ್ಟ್ರಿಗೆ ಮರೆವು, ಹೊರಗ ಬಿಟ್ರ ಎತ್ತಾಗರ ಹೋಗಿಬಿಡ್ತಾರ. ಕಿಟಕಿ ಕಡಿಂದ ಮಾತಾಡ್ರಿ.’

ಸರಳುಗಳಾಚೆ ಮಂಚದ ಮೇಲೆ ಕೂತಿದ್ದರು. ಊರು ಹೇಳಿದೆ, ಅವ್ವನ ಮಾತು ನೆನಪಿಸಿದೆ.

‘ಯಾರ್ರಿ ನೀವು? ಕುಂದುರ್ರಿ’ ಅಂದರು. ಕೂರಲು ಅಲ್ಲಿ ಬೀದಿ ಮಾತ್ರ ಇತ್ತು.

‘ಒಂದು ಲೆಕ್ಕ ಕೇಳಿದ್ರಿ ಸಾರ್...’

ಲೆಕ್ಕ ಎಂದದ್ದೇ ಕತ್ತು ಎತ್ತಿದರು. ಪೂರ್ತಿ ಹೇಳಿದೆ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಕೈಯೆತ್ತಿ ನನ್ನನ್ನು ತಡೆದರು. ತುಟಿ ಅಲುಗಿದವು, ಬೆರಳು ಮಂಚದ ಪಟ್ಟಿಯ ಮೇಲೆ ಏನೋ ಗೀಚಿತು, ಅಳಿಸಿತು, ಮತ್ತೆ ಗೀಚಿತು. ನಾನು ಕಾಯುತ್ತ ನಿಂತೆ. ಅಂದು ನಮ್ಮ ಕಿಟಕಿಯಲ್ಲಿ ಅವರೂ ಹಾಗೇ ನಿಲ್ಲುತ್ತಿದ್ದರು. ಹುಡುಗನ ಬಾಯಿಂದ ಉತ್ತರ ಕಸಿಯುತ್ತಿರಲಿಲ್ಲ.

‘ನಾಳೆ ಹೇಳ್ತೀನ್ರಿ. ಬರ್ತೀರಲ್ಲ?’

‘ಬರ್ತೀನಿ ಸಾರ್’ ಅಂದೆ.

ಬಸ್ಸಿನಲ್ಲಿ ಕೂತ ಮೇಲೆ, ಪಕ್ಕದವರಿಗೆ ಕೇಳದಂತೆ, ಮೆಲ್ಲಗೆ ಹೇಳಿಕೊಂಡೆ: ನಾಲ್ಕು ಅಡಿ ಸಾರ್.